ಕಾರವಾರದ ಕಡಲು, ಸದಾಶಿವ ಪೇಠೆಯ ಬಚ್ಚಲು

ನನ್ನ ಸೋದರಮಾವ ಫೋಟೋ ತೆಗೆಯುತ್ತಿದ್ದುದು ಕಾರವಾರದಲ್ಲಿ, ತೊಳೆಯುತ್ತಿದ್ದುದು ಪುಣೆಯಲ್ಲಿ. ಸದಾಶಿವ ಪೇಠೆಯ ಹಳೆಯ ವಾಡೆಯೊಂದರಲ್ಲಿ ಎರಡು ಕೋಣೆಯ ಬಿಡಾರ. ಅದರ ಬಚ್ಚಲೇ ಅವನ ಡಾರ್ಕ್‌ರೂಮ್. ರಾತ್ರಿ ಎಲ್ಲರ ಕೈಕಾಲು ತೊಳೆದಾದ ಮೇಲೆ ಹಂಡೆಯ ಕಟ್ಟೆಗೆ ಹಲಗೆ ಹಾಸಿ ಎನ್‌ಲಾರ್ಜರ್ ಇಡುತ್ತಿದ್ದ. ಕೆಂಪು ಬಲ್ಬು ಹೊತ್ತಿತೆಂದರೆ ಅತ್ತೆಗೂ ಒಳಗೆ ಪ್ರವೇಶವಿಲ್ಲ. ನಾನು ಓದಲೆಂದು 1974ರಲ್ಲಿ ಅವರ ಮನೆ ಸೇರಿದೆ. ಟ್ರೇ ಅಲುಗಿಸುವ ಕೆಲಸ ನನ್ನ ಪಾಲಿಗೆ ಬಂತು.

ಊರಲ್ಲೇ ತೊಳೆಯಬಹುದಿತ್ತಲ್ಲ ಎಂದು ಕೇಳಿದ್ದೆ. ಪೆಟ್ಟಿಗೆ ತೆಗೆದು ತೋರಿಸಿದ. ಒಂದೇ ಒಂದು ಮಳೆಗಾಲ ಕಾರವಾರದಲ್ಲಿ ಕಳೆದ ನೆಗೆಟಿವ್‌ಗಳ ತುಂಬ ಜೇಡನ ಬಲೆಯಂಥ ಗೀಟು. ಫಿಲ್ಮಿನ ಮೇಲಿನ ಲೇಪ ಜೆಲಟಿನ್, ದನದ ಎಲುಬು, ತೊಗಲು ಬೇಯಿಸಿ ತೆಗೆದ ಅಂಟು. ಬೂಷ್ಟಿಗೆ ಅದು ಹಬ್ಬದೂಟ. ಪುಣೆಯ ಒಣಹವೆಯಲ್ಲಿ ಆ ಕಾಟವಿಲ್ಲ. ಆದರೂ ಡಬ್ಬಗಳು ಅಟ್ಟದ ಮೇಲೆಯೇ ಇರಬೇಕು. 1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದು ಮುಠಾ ನದಿ ಪೇಠೆಗಳಿಗೆ ನುಗ್ಗಿದ್ದನ್ನು ಕಣ್ಣಾರೆ ಕಂಡವನು ಅವನು.

ನಮ್ಮ ಕರಾವಳಿ ಪುಣೆಯಲ್ಲಿ ಅಚ್ಚಾದದ್ದು ಮಾವನ ಕಾಲಕ್ಕೇ ಮೊದಲಲ್ಲ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, 1956ರ ನವೆಂಬರ್‌ವರೆಗೂ ಅಲ್ಲಿಯೇ ಇತ್ತು. ಆ ಪ್ರಾಂತ್ಯದ ಹಳ್ಳಿ ನಕಾಶೆಗಳು ಪುಣೆಯ ಸರಕಾರಿ ಫೋಟೋಝಿಂಕೋ ಕಚೇರಿಯಲ್ಲಿ ಅಚ್ಚಾಗುತ್ತಿದ್ದವು: ಕೈಯಲ್ಲಿ ಬರೆದ ನಕಾಶೆಯ ಫೋಟೋ ತೆಗೆದು, ಸತುವಿನ ತಗಡಿಗೆ ಇಳಿಸಿ, ಕಾಗದಕ್ಕೆ ಒತ್ತುವುದು. ನಮ್ಮ ಮನೆಯ ದಸ್ತಾವೇಜಿನ ನಡುವೆ ಇರುವ ಊರ ನಕಾಶೆಯ ಅಂಚಿನಲ್ಲೂ ಆ ಕಚೇರಿಯ ಹೆಸರಿದೆ. ಗದ್ದೆಯ ಒಂದೊಂದು ಹಾಳಿಯೂ ಅದರಲ್ಲಿ ಸಿಗುತ್ತದೆ. ಸಮುದ್ರವಿರುವ ಕಡೆ ಮಾತ್ರ ಬಿಳಿ ಕಾಗದ.

ಮಾವನ ಜಗಳವೂ ಆ ಬಿಳಿಯ ಜೊತೆಗೇ. ಅವನ ಕ್ಯಾಮೆರಾ ಆಗ್ಫಾ ಕ್ಲಿಕ್-3, ಬರೋಡದಲ್ಲಿ ತಯಾರಾದದ್ದು. 120 ಫಿಲ್ಮಿಗೆ ಹನ್ನೆರಡು ಚಿತ್ರ, ಶಟರ್ ವೇಗ ಬದಲಿಸುವಂತಿಲ್ಲ. ಮರಳು, ನೀರು ಎರಡೂ ಬಿಸಿಲನ್ನು ಎತ್ತಿ ಎಸೆಯುವ ನಮ್ಮ ದಂಡೆಯಲ್ಲಿ ನೆಗೆಟಿವಿನ ಆಕಾಶ ದಟ್ಟ ಕಪ್ಪಾಗಿಬಿಡುತ್ತಿತ್ತು. ಹಾಗೇ ಪ್ರಿಂಟ್ ಹಾಕಿದರೆ ಮೇಲರ್ಧ ಬೋಳು. “ತಮಾ, ಆಕಾಶ ಬೆಳ್ಳಗೆ ಬಿಟ್ರೆ ಸಮುದ್ರ ಸಾಯ್ತದೆ” ಎನ್ನುತ್ತ ಕೆಳಭಾಗಕ್ಕೆ ರಟ್ಟು ಮರೆಮಾಡಿ ಆಕಾಶಕ್ಕೆ ಇನ್ನೊಂದಿಷ್ಟು ಬೆಳಕು ಕುಡಿಸುತ್ತಿದ್ದ. ದಿಗಂತಕ್ಕೆ 12 ಸೆಕೆಂಡು ಸಾಕಾದರೆ ಮೋಡಕ್ಕೆ 30 ಬೇಕು. ರಟ್ಟು ಒಂದೇ ಕಡೆ ನಿಂತರೆ ಗೆರೆ ಬೀಳುತ್ತದೆ; ಮೊರ ಆಡಿಸಿದಂತೆ ಕೈ ಆಡುತ್ತಲೇ ಇರಬೇಕು. ಇದು ಮೋಸವಲ್ಲವೇ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದಂಡೆಯಲ್ಲಿ ನಿಂತ ಮನುಷ್ಯನಿಗೆ ಮೋಡ ಕಂಡೇ ಇತ್ತು. ಕ್ಯಾಮೆರಾಕ್ಕೆ ಹಿಡಿಯಲಾಗಲಿಲ್ಲ, ಅಷ್ಟೇ.

ಡೆವಲಪರ್‌ಗೆ 20 ಡಿಗ್ರಿ ಬೇಕು. ಪುಣೆಯ ಏಪ್ರಿಲ್‌ನಲ್ಲಿ ನಳದ ನೀರೇ ಅದಕ್ಕಿಂತ ಬಿಸಿ. ಐಸ್ ತುಂಬಿದ ಪರಾತದಲ್ಲಿ ಟ್ರೇ ಕೂರಿಸುತ್ತಿದ್ದೆವು. ಮೆಟಾಲ್, ಹೈಡ್ರೋಕ್ವಿನೋನ್, ಸೋಡಾ ಎಲ್ಲವನ್ನೂ ಮಾವ ತಾನೇ ತೂಗುತ್ತಿದ್ದ. ಹಾಳೆಗಳು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’. 1960ರಲ್ಲಿ ಹುಟ್ಟಿದ ಆ ಸರಕಾರಿ ಕಾರ್ಖಾನೆ ಈಗ ಮುಚ್ಚಿದೆ. ಚಿತ್ರ ಸ್ಥಿರಗೊಳಿಸಲು ಬಳಸಿದ ಹೈಪೋ ದ್ರಾವಣ ಕೊಳ್ಳಲು ಒಬ್ಬ ಕ್ಯಾನ್ ಹಿಡಿದು ಬರುತ್ತಿದ್ದ; ಅದರಲ್ಲಿ ಕರಗಿದ ಬೆಳ್ಳಿ ಅವನಿಗೆ.

ಬಚ್ಚಲಲ್ಲಿ ಹೀಗೆ ಎದ್ದುಬಂದ ಚಿತ್ರಗಳಲ್ಲಿ ರಂಪಣಿ ಬಲೆ ಎಳೆಯುವವರು ಹೆಚ್ಚು: ಊರಿಗೆ ಊರೇ ಹಗ್ಗ ಹಿಡಿದು ಬಾಗಿದೆ, ಮರಳಿನಲ್ಲಿ ಬಂಗಡೆಯ ರಾಶಿ. ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದವು, ರಂಪಣಿ ಮೂಲೆ ಸೇರಿತು. ಇನ್ನೊಂದು ಚಿತ್ರ ಕಾಳಿ ನದಿಯದು. ಕೋಡಿಬಾಗದಿಂದ ಸದಾಶಿವಗಡಕ್ಕೆ ಹೊರಟ ತಾರಿ, ಅದರಲ್ಲಿ ಛತ್ರಿ ಹಿಡಿದು ನಿಂತ ಜನ. ಅಲ್ಲಿ ಸೇತುವೆಯಾದದ್ದು 1983ರಲ್ಲಿ. ಅದೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ಮರುವಾರ ನಾನು ಆ ನೆಗೆಟಿವ್ ತೆಗೆದು ಮತ್ತೆ ಪ್ರಿಂಟ್ ಹಾಕಿದೆ. ಮಾವನ ಎನ್‌ಲಾರ್ಜರ್ ಈಗಲೂ ಓಡುತ್ತದೆ. ಮೋಡಕ್ಕೆ ಬೇಕಾದದ್ದು ಅದೇ 30 ಸೆಕೆಂಡು.

ಅಂಕೋಲೆ, ಕುಮಟೆ, ಹೊನ್ನಾವರದ ಕಡೆ ಮುಚ್ಚಿಹೋದ ಸ್ಟುಡಿಯೋಗಳ ಮನೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು: ನೆಗೆಟಿವ್ ಡಬ್ಬಗಳನ್ನು ಗುಜರಿಗೆ ಹಾಕಬೇಡಿ. ಮಳೆ ಶುರುವಾಗುವ ಮುಂಚೆ ಕಾಗದದ ಲಕೋಟೆಗೆ ಹಾಕಿ, ಘಟ್ಟದ ಮೇಲೆ ಒಣ ಊರಿನಲ್ಲಿರುವ ನೆಂಟರ ಮನೆಗೆ ದಾಟಿಸಿಬಿಡಿ.