ಮಳೆಗಾಲದ ಬೂಷ್ಟು: ಯಾಕೆ ಬರುತ್ತೆ, ಒರೆಸಿದ್ರೆ ಯಾಕೆ ಸಾಲದು?

ಜೋರು ಮಳೆ ಹಿಡಿದು ನಾಲ್ಕು ದಿನ ಬಿಸಿಲು ಕಾಣದಿದ್ದರೆ ಸಾಕು, ಮಲೆನಾಡಿನ ಮನೆಗಳಲ್ಲಿ ಒಂದೊಂದಕ್ಕೇ ಬೂಷ್ಟು ಹತ್ತೋಕೆ ಶುರುವಾಗುತ್ತೆ. ಮೊದಲು ಬ್ರೆಡ್ಡು, ಆಮೇಲೆ ಕೊಬ್ಬರಿ, ಕೊನೆಗೆ ಬೀರುವಿನಲ್ಲಿಟ್ಟ ಬೆಲ್ಟು, ಚಪ್ಪಲಿ. ಕೊಳಕಿದ್ದ ಕಡೆ ಮಾತ್ರ ಬೂಷ್ಟು ಬರುತ್ತೆ ಅನ್ನೋದು ಹಲವರ ನಂಬಿಕೆ. ಅದು ತಪ್ಪು.

ಬೂಷ್ಟು ಒಂದು ಶಿಲೀಂಧ್ರ. ಅದರ ಬೀಜಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಎಲ್ಲಾ ಮನೆಯ ಗಾಳಿಯಲ್ಲೂ ಇರ್ತವೆ. ಅವು ಮೊಳೆಯೋಕೆ ಬೇಕಾದ್ದು ತಿನ್ನೋಕೆ ಏನಾದ್ರೂ, ಜೊತೆಗೆ ನೀರು. ಚರ್ಮ, ಮರ, ಕಾಗದ, ಗಂಜಿ ಹಾಕಿದ ಬಟ್ಟೆ ಎಲ್ಲವೂ ಅದಕ್ಕೆ ಊಟವೇ. ಗಾಳಿಯ ತೇವಾಂಶ ಶೇ. 70 ದಾಟಿ ಹಾಗೇ ನಿಂತರೆ ಒಣ ಸಾಮಾನೂ ನೀರು ಹೀರಿಕೊಳ್ಳುತ್ತೆ. ಉಪ್ಪಿನಕಾಯಿ ವರ್ಷಗಟ್ಟಲೆ ಉಳಿಯೋದು ಅದರಲ್ಲಿನ ನೀರನ್ನು ಉಪ್ಪು ಹಿಡಿದಿಟ್ಟುಕೊಳ್ಳೋದರಿಂದ. ಒದ್ದೆ ಚಮಚ ಹಾಕಬೇಡಿ ಅಂತ ಅಜ್ಜಿಯರು ಬೈಯೋದು ಸುಮ್ಮನೆ ಅಲ್ಲ. ಸುಣ್ಣ ಬಳಿದ ಗೋಡೆಗೆ ಬೂಷ್ಟು ಕಮ್ಮಿ, ಸುಣ್ಣದ ಕ್ಷಾರ ಅದಕ್ಕೆ ಆಗಿಬರಲ್ಲ.

ಚಪ್ಪಲಿಯ ಬೂಷ್ಟನ್ನು ಒರೆಸಿದರೆ ಮುಗೀತು. ತಿನ್ನೋ ಸಾಮಾನಿನ ಕಥೆ ಬೇರೆ. ಮೇಲೆ ಕಾಣೋ ಹಸಿರು ಪುಡಿ ಬರೀ ಬೀಜಕಣ, ದಾರದಂಥ ಎಳೆಗಳು ಒಳಗೆ ಇಳಿದಿರ್ತವೆ. ಬ್ರೆಡ್ಡಿನ ಒಂದು ಮೂಲೆಗೆ ಹಿಡಿದಿದ್ದರೂ ಪೂರ್ತಿ ಬಿಸಾಡೋದೇ ಸರಿ. ಶೇಂಗಾ, ಮೆಕ್ಕೆಜೋಳ, ಒಣಮೆಣಸಿನಕಾಯಿ, ಕೊಬ್ಬರಿಗೆ ಹಿಡಿಯೋ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಇನ್ನೂ ಅಪಾಯಕಾರಿ. ಅದು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡುತ್ತೆ. ಲಿವರ್ ಹಾಳು ಮಾಡೋ, ಲಿವರ್ ಕ್ಯಾನ್ಸರ್‌ಗೂ ಕಾರಣವಾಗೋ ವಿಷ ಇದು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಗಡಿ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು.

ಬಿಸಿಲಿಗೆ ಹರವಿ, ಜರಡಿ ಹಿಡಿದು, ಹುರಿದು ಮಾರಿದ್ರೆ ಆಯ್ತಲ್ಲ ಅನ್ನೋರಿದ್ದಾರೆ. ಬೂಷ್ಟು ಸಾಯಬಹುದು, ವಿಷ ಮನೆಯ ಒಲೆಯ ಶಾಖಕ್ಕೆ ಪೂರ್ತಿ ಹೋಗಲ್ಲ. ಗಾಣಕ್ಕೆ ಹಾಕಿದರೆ ಒಂದು ಪಾಲು ಎಣ್ಣೆಗೆ, ಉಳಿದದ್ದು ಹಿಂಡಿಗೆ. ಹಾಗಿದ್ರೆ ದನಕ್ಕೆ ಹಾಕೋಣ ಅಂದ್ರೆ, ಆ ಹಸುವಿನ ಹಾಲಿನಲ್ಲೂ ವಿಷದ ಅಂಶ ಬರುತ್ತೆ, ಕೊನೆಗೆ ಅದು ಮಕ್ಕಳ ಲೋಟಕ್ಕೇ. ಮುಗ್ಗಲು ವಾಸನೆಯ, ಕಪ್ಪಗೆ ಸುಕ್ಕಾದ, ಕಹಿ ಶೇಂಗಾವನ್ನು ಆರಿಸಿ ತೆಗೆದು ಹೂತುಬಿಡೋದು ನಷ್ಟದ ಬಾಬತ್ತೇ, ಆದರೆ ಬೇರೆ ದಾರಿ ಇಲ್ಲ.

ಅಂಗಡಿಯವರಿಗೆ ಈ ನಷ್ಟ ಶುರುವಾಗೋದು ಹೆಚ್ಚಾಗಿ ನೆಲದಿಂದ. ಸಿಮೆಂಟು ನೆಲದ ಮೇಲೆ, ಗೋಡೆಗೆ ಒತ್ತಿ ಇಟ್ಟ ಚೀಲದ ತಳ ಮೊದಲು ಕೆಡುತ್ತೆ. ಕೆಳಗೆ ಮರದ ಹಲಗೆ ಹಾಕಿ, ಗೋಡೆಯಿಂದ ಒಂದಡಿ ಜಾಗ ಬಿಟ್ಟರೆ ಗಾಳಿ ಆಡುತ್ತೆ. ಸರಿಯಾಗಿ ಒಣಗದ ಕಾಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಒಳಗಿನ ತೇವ ಹೊರಗೆ ಹೋಗದೆ ಅಲ್ಲೇ ಬೆವರುತ್ತೆ. ಮಳೆಗಾಲದಲ್ಲಿ ಶೇಂಗಾ, ಕೊಬ್ಬರಿಯನ್ನು ವಾರಕ್ಕೆ ಬೇಕಾದಷ್ಟೇ ತರಿಸಿ, ಹಳೇ ಚೀಲ ಖಾಲಿಯಾದ ಮೇಲೇ ಹೊಸದನ್ನು ಬಿಚ್ಚೋದು ಒಳ್ಳೇದು.