ರಾಜಾಬಾಯಿ ಗೋಪುರದ ಗಂಟೆಗಳು

ದೇಗುಲದಲ್ಲಿ ಬಾರಿಸುವುದನ್ನೂ ಗಡಿಯಾರದಲ್ಲಿ ಎಣಿಸುವುದನ್ನೂ ಕನ್ನಡಿಗರಾದ ನಾವು ‘ಗಂಟೆ’ ಎಂಬ ಒಂದೇ ಮಾತಿನಿಂದ ಕರೆಯುತ್ತೇವೆ. ನಾದವೇ ಕಾಲವನ್ನು ಅರುಹುತ್ತಿದ್ದ ದಿನಗಳ ಗುರುತು ಈ ಮಾತಿನಲ್ಲಿ ಉಳಿದಿದೆ. ಅಂಥದೊಂದು ಗಂಟೆಗೋಪುರದ ವೃತ್ತಾಂತವನ್ನು ಅಂಚೆಟ್ಟಿಯ ಬಾಂಧವರ ಮುಂದಿಡಬಯಸುತ್ತೇವೆ.

ಮುಂಬಯಿ ವಿಶ್ವವಿದ್ಯಾನಿಲಯದ ಆವರಣದಲ್ಲಿರುವ ರಾಜಾಬಾಯಿ ಗೋಪುರವು ಸುಮಾರು 280 ಅಡಿ ಎತ್ತರವುಳ್ಳದ್ದು. ದಾನಿಗಳಾದ ಪ್ರೇಮಚಂದ ರಾಯಚಂದರು ಹತ್ತಿಯ ವ್ಯಾಪಾರದಿಂದ ಸಿರಿವಂತರಾದವರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಮೊದಲಾಗಿ, ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಾಗಲು, ಮುಂಬಯಿಯ ಹತ್ತಿಗೆ ಹೊನ್ನಿನ ಬೆಲೆ ಬಂದಿತು. ನಮ್ಮ ಧಾರವಾಡ ಸೀಮೆಯ ಎರೆಹೊಲದ ಹತ್ತಿಯೂ ಆ ಪೇಟೆಗೆ ಹೋಗುತ್ತಿದ್ದಿತು. ಆದುದರಿಂದ ಗೋಪುರದ ಕಲ್ಲುಗಳಲ್ಲಿ ಕನ್ನಡ ಒಕ್ಕಲಿಗನ ಬೆವರೂ ಬೆರೆತಿದೆಯೆಂದರೆ ತಪ್ಪಾಗಲಾರದು. 1864ರಲ್ಲಿ ಪ್ರೇಮಚಂದರು ಪುಸ್ತಕ ಭಂಡಾರಕ್ಕೆಂದು ಎರಡು ಲಕ್ಷ, ಗೋಪುರಕ್ಕೆಂದು ಎರಡು ಲಕ್ಷ ರೂಪಾಯಿಗಳನ್ನು ಕೊಟ್ಟರು. ಗೋಪುರಕ್ಕೆ ಇಟ್ಟ ಹೆಸರು ಅವರದಲ್ಲ, ಅವರ ತಾಯಿಯದು. ಮರುವರ್ಷವೇ ಯುದ್ಧ ನಿಂತು ಹತ್ತಿಯ ಬೆಲೆ ಕುಸಿಯಿತು. ಪ್ರೇಮಚಂದರ ಐಶ್ವರ್ಯವೂ ಕರಗಿತು. ಕೂಡಿಟ್ಟುದು ಹೋಯಿತು, ಕೊಟ್ಟುದು ನಿಂತಿತು! 1869ರ ಮಾರ್ಚ್ 1ರಂದು ಅಡಿಗಲ್ಲು ಬಿದ್ದು, 1878ರ ನವೆಂಬರಿನಲ್ಲಿ ಕಟ್ಟಡ ಮುಗಿಯಿತು. ನಕ್ಷೆ ಬರೆದ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟರು ಭಾರತಕ್ಕೆ ಕಾಲಿಟ್ಟವರೇ ಅಲ್ಲ.

ರಾಜಾಬಾಯಿಯವರು ಅಂಧರು, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಜೈನವ್ರತದವರು. ಹೊತ್ತನ್ನು ಅವರಿಗೆ ತಿಳಿಸಲೆಂದೇ ಮಗನು ಗಂಟೆ ಕಟ್ಟಿಸಿದನೆಂದು ಜನರು ಹೇಳುವುದುಂಟು. ದಂತಕಥೆಯೇ ಇರಬಹುದು, ಆದರೂ ಅದನ್ನು ಅಲ್ಲಗಳೆಯಲು ನಮಗೆ ಮನಸ್ಸು ಬಾರದು.

ಅಲ್ಲಿಯ ಗಂಟೆಗಳು ಹದಿನಾರು ರಾಗಗಳನ್ನು ನುಡಿಯಬಲ್ಲವಾಗಿದ್ದುವು. ಆಂಗ್ಲರ ಆಳ್ವಿಕೆಯಲ್ಲಿ ಅವು ಆಂಗ್ಲ ದೊರೆಯ ಸ್ತುತಿಗೀತವನ್ನೂ ನುಡಿಯುತ್ತಿದ್ದುವು. ಹಣ ನಮ್ಮವರದು, ರಾಗ ಪರರದು! ಈ ಮಾತು ನಮ್ಮನ್ನು ಚುಚ್ಚುತ್ತದೆ. ಆದರೆ ಮೇಲ್ಗಡೆ ಕೆತ್ತಿ ನಿಲ್ಲಿಸಿದ ಇಪ್ಪತ್ತನಾಲ್ಕು ವಿಗ್ರಹಗಳು ಮಾತ್ರ ಪಶ್ಚಿಮ ಭಾರತದ ಬಗೆಬಗೆಯ ಜನರವು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಹುಟ್ಟುವವರೆಗೂ ಧಾರವಾಡ, ಬೆಳಗಾವಿ, ವಿಜಾಪುರಗಳ ತರುಣರು ಪಡೆದುದು ಮುಂಬಯಿ ವಿಶ್ವವಿದ್ಯಾನಿಲಯದ ಪದವಿಯನ್ನೇ. 2015ರಲ್ಲಿ ಗೋಪುರದ ಜೀರ್ಣೋದ್ಧಾರವಾಯಿತು. 2018ರಲ್ಲಿ ಸುತ್ತಣ ಕಟ್ಟಡಗಳೊಡನೆ ಅದು ವಿಶ್ವಪರಂಪರೆಯ ಪಟ್ಟಿಗೂ ಸೇರಿತು.

ಮೈಸೂರಿನ ದೊಡ್ಡ ಗಡಿಯಾರವೂ ದಾನದಿಂದಲೇ ಎದ್ದುದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಇಪ್ಪತ್ತೈದನೆಯ ವರ್ಷದ ನೆನಪಿಗೆ, 1927ರಲ್ಲಿ, ಅರಮನೆಯ ನೌಕರರು ತಮ್ಮತಮ್ಮ ಪಾಲನ್ನು ಕೂಡಿಸಿ ಕಟ್ಟಿಸಿದರು. ಅದರ ಮುಖದ ಮೇಲಿರುವುವು ಕನ್ನಡ ಅಂಕಿಗಳು. ಮೈಸೂರಿಗೆ ಹೋದಾಗ ಮಕ್ಕಳನ್ನು ಅದರೆದುರು ನಿಲ್ಲಿಸಿ, ಹೊತ್ತೆಷ್ಟಾಯಿತೆಂದು ಓದಿಸಿರಿ.