ಮೀನಿಗೊಂದು ಕಾಯಿದೆ

ಬಲ್ಲಿದನು ಬಡವನನ್ನು ನುಂಗುವ ಅರಾಜಕತೆಗೆ ನಮ್ಮ ಹಿರಿಯರು ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ದಂಡವಿಲ್ಲದಿದ್ದರೆ ಮನುಷ್ಯರು ಮೀನುಗಳಂತಾಗುವರೆಂಬುದು ಕೌಟಿಲ್ಯನ ಮತ. ಆದರೆ ಮನುಷ್ಯನ ಕೈಯಿಂದ ಮೀನನ್ನು ಕಾಯುವ ದಂಡ ಯಾವುದು? ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ, ಕೆಲವು ಪರ್ವದಿನಗಳಂದು ಮೀನನ್ನು ಕೊಲ್ಲಲೂ ಮಾರಲೂ ಕೂಡದೆಂದು ವಿಧಿಸಿದ್ದುಂಟು. ಅದು ದಿನವನ್ನು ಕುರಿತ ಕಟ್ಟಳೆ. ಹಿಡಿಯುವ ಬಗೆಯನ್ನು ಕುರಿತುದಲ್ಲ.

ಹಿಡಿಯುವ ಬಗೆಯ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರಲ್ಲಿ ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಒಬ್ಬರು. ಗಾಳದ ಹುಚ್ಚಿನ ಈ ದೊರೆ 1870ರಲ್ಲಿ ಆ ಜಿಲ್ಲೆಯ ಮತ್ಸ್ಯಸಂವರ್ಧನೆಯನ್ನು ಕುರಿತು ವರದಿ ಬರೆದರು. ಬೇಟೆಗಾರನ ಸ್ವಾರ್ಥವೂ ಅದರಲ್ಲಿ ಸೇರಿದ್ದಿರಬಹುದು. ಆದರೂ ಕಂಡದ್ದನ್ನು ಸರಿಯಾಗಿಯೇ ಕಂಡಿದ್ದರು.

ಮುಂಗಾರಿನ ಹೊಸನೀರಿಗೆ ಮೀನು ಮೊಟ್ಟೆಯಿಡಲು ಹಳ್ಳ ಗದ್ದೆಗಳಿಗೆ ಏರುತ್ತದೆ. ಮಲೆನಾಡಿಗರು ಹತ್ತುಮೀನು ಎನ್ನುವುದು ಇದನ್ನೇ. ಆ ದಾರಿಗೆ ಅಡ್ಡಲಾಗಿ ಕೂಣಿಯಿಟ್ಟರೆ ತಾಯಿಯೂ ಹೋಯಿತು, ಸಂತಾನವೂ ಹೋಯಿತು. ಬೇಸಗೆಯಲ್ಲಿ ಮಡು ಕಿರಿದಾದಾಗ ಕಾರೆಕಾಯನ್ನೋ ಕಾಗೆಮಾರಿಯ ಬೀಜವನ್ನೋ ಜಜ್ಜಿ ಕದಡಿದರೆ ಮೀನು ಮತ್ತೇರಿ ಹೊಟ್ಟೆ ಮೇಲಾಗಿ ತೇಲುತ್ತದೆ. ಇದು ಹಳೆಯ ವಿದ್ಯೆ. ವರ್ಷಕ್ಕೊಮ್ಮೆ ಎಂಬಷ್ಟರಲ್ಲಿ ಹೊಳೆ ಸಹಿಸಿಕೊಂಡಿತ್ತೇನೋ. ತೋಟೆಯ ಕಥೆ ಬೇರೆ. ನೊಬೆಲ್ಲನ ಡೈನಮೈಟು 1867ರದು. ಕಲ್ಲು ಸೀಳಲು ಬಂದ ಮದ್ದು ಹೊಳೆಗೂ ಇಳಿಯಿತು. ಅದು ಸಿಡಿದಾಗ ನೀರಿನ ಒತ್ತಡ ಮೀನಿನ ಒಡಲಿನ ಗಾಳಿಚೀಲವನ್ನು ಒಡೆಯುತ್ತದೆ. ತೇಲಿದವು ಕೈಗೆ ಸಿಕ್ಕುತ್ತವೆ, ಮುಳುಗಿದವು ತಳದಲ್ಲಿ ಕೊಳೆಯುತ್ತವೆ. ಬೆರಳುದ್ದದ ಮರಿಗಳನ್ನು ಕೇಳುವವರೇ ಇಲ್ಲ. ತೋಟೆ ಎಸೆಯುವವನ ಕೈಯೇ ಹಾರಿಹೋಗುವುದೂ ಉಂಟು.

ಡಾಕ್ಟರ್ ಫ್ರಾನ್ಸಿಸ್ ಡೇ 1873ರಲ್ಲಿ ಭಾರತ ಬರ್ಮಾಗಳ ಸಿಹಿನೀರಿನ ಮೀನುಗಾರಿಕೆಯ ವರದಿಯನ್ನು ಸರ್ಕಾರದ ಮುಂದಿಟ್ಟರು. ಕಾಯಿದೆ ಬಂದದ್ದು 1897ರಲ್ಲಿ! ಸಿಡಿಮದ್ದು, ವಿಷ, ಸುಣ್ಣಗಳಿಂದ ಮೀನು ಕೊಂದವನಿಗೆ ಎರಡು ತಿಂಗಳವರೆಗೆ ಸೆರೆ, ಇಲ್ಲವೆ 200 ರೂಪಾಯಿವರೆಗೆ ದಂಡ. 'ನೀರು' ಎಂಬ ಶಬ್ದದಲ್ಲಿ ದಡದಿಂದ ಒಂದು ಲೀಗು, ಅಂದರೆ ಸುಮಾರು ಮೂರೂವರೆ ಮೈಲಿಯ ಸಮುದ್ರವೂ ಅಡಕವೆಂದರು. ನಿಘಂಟುಕಾರರು ಮೆಚ್ಚತಕ್ಕ ಅರ್ಥವಿಸ್ತಾರ! ಮೈಸೂರು ಸಂಸ್ಥಾನವು 1901ರಲ್ಲಿ ತನ್ನದೇ ಬೇಟೆ ಹಾಗೂ ಮೀನು ಸಂರಕ್ಷಣೆಯ ರೆಗ್ಯುಲೇಷನ್ ಮಾಡಿತು.

ಅಂದು ಇನ್ನೂರು ರೂಪಾಯಿ ಬಡವನ ಬೆನ್ನು ಮುರಿಯುವ ಮೊತ್ತ. ರೂಪಾಯಿಯ ಬೆಲೆ ಇಳಿದಂತೆ ದಂಡದ ಭಯವೂ ಇಳಿಯಿತು. ಸದ್ದು ಕೇಳಿ ಯಾರಾದರೂ ಕಾಡುಹೊಳೆಗೆ ಬರುವಷ್ಟರಲ್ಲಿ ಸಾಕ್ಷ್ಯವೂ ಹರಿದುಹೋಗಿರುತ್ತದೆ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಗಾಳಕ್ಕೆ ಬಿದ್ದಿತ್ತು. ಕಾವೇರಿ ಸೀಮೆಯ ಆ ಗೂನುಬೆನ್ನಿನ ಜಾತಿಯನ್ನು 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಅಣೆಕಟ್ಟುಗಳೂ ಹೊರಗಿನ ಮೀನುಗಳೂ ಇದಕ್ಕೆ ಕಾರಣವೇ, ತೋಟೆಯೊಂದನ್ನೇ ದೂರಲಾಗದು.

ಕಾಯಿದೆಗಿಂತ ಹೆಚ್ಚು ಮೀನು ಉಳಿದದ್ದು ದೇವರ ಮಡುಗಳಲ್ಲಿ: ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ. ಅಲ್ಲಿ ಗಾಳವಿಲ್ಲ, ಬಲೆಯಿಲ್ಲ. ಭಕ್ತರು ಎಸೆದ ಅಕ್ಕಿಗೆ ಮೀನು ಮೆಟ್ಟಿಲವರೆಗೆ ಬರುತ್ತದೆ. ಕರ್ನಾಟಕದ ಒಳನಾಡು ಮೀನುಗಾರಿಕೆಯ ಅಧಿನಿಯಮದ ಹೆಸರಿನಲ್ಲಿರುವ ಇಸವಿ 1996. ಅದೇ 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿದರು. ದೇವರಮೀನುಗಳು ರಾಶಿರಾಶಿಯಾಗಿ ಸತ್ತವು. ಊರವರು ಅವುಗಳಿಗೆ ಸ್ಮಾರಕ ಕಟ್ಟಿದರು. ಉಳಿದ ಮೀನಿನ ಸಂತತಿ ಮತ್ತೆ ಮೆಟ್ಟಿಲ ಬಳಿಗೆ ಬರತೊಡಗಿತು.